ಒಂದೇ 1.1, ಎರಡು ಕಿಡ್ನಿ ಲೆಕ್ಕ

ಕೋಟನೂರಿನ ಯಾವ ಮನೆಯ ಕಪಾಟಿನಲ್ಲಾದರೂ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟ ಲ್ಯಾಬ್ ರಿಪೋರ್ಟ್ ಸಿಕ್ಕೀತು. ‘ಸೀರಮ್ ಕ್ರಿಯಾಟಿನಿನ್’ ಎದುರು 1.1, ಅದರ ಬಲಕ್ಕೆ 0.6ರಿಂದ 1.2 ಎಂಬ ಮಿತಿ. ಅಂಕಿ ದಪ್ಪಕ್ಷರದಲ್ಲಿಲ್ಲ, ಪಕ್ಕದಲ್ಲಿ ಚುಕ್ಕೆಯಿಲ್ಲ. ‘ನಾರ್ಮಲ್ ಅದ’ ಅಂದರೆ ಮಾತು ಮುಗಿಯಿತು. ಅದೇ ರಕ್ತ ಇಂಗ್ಲೆಂಡಿನ ಲ್ಯಾಬ್‌ಗೆ ಹೋಗಿದ್ದರೆ 97 ಎಂದು ಬಂದು ಮನೆಮಂದಿಯ ಎದೆ ಧಸಕ್ಕೆನ್ನುತ್ತಿತ್ತು. ನಮ್ಮಲ್ಲಿ ಡೆಸಿಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಬರೆದರೆ, ಅಲ್ಲಿ ಲೀಟರಿಗೆ ಎಷ್ಟು ಮೈಕ್ರೋಮೋಲ್ ಎಂದು ಬರೆಯುತ್ತಾರೆ. ನಮ್ಮ ಅಂಕಿಯನ್ನು 88.4ರಿಂದ ಗುಣಿಸಿದರೆ ಅವರದು, ಅವರದನ್ನು ಅಷ್ಟರಿಂದಲೇ ಭಾಗಿಸಿದರೆ ನಮ್ಮದು. ಈ ಲೆಕ್ಕದಲ್ಲಿ ತೊಡಕಿಲ್ಲ. ನನ್ನ ತಕರಾರು ಬಲಗಡೆಯ ಆ ಮಿತಿಯ ಮೇಲೆ. ನಿಶ್ಚಿಂತೆಯಿಂದ ಇರಬಾರದವರನ್ನೂ ಅದು ನಿಶ್ಚಿಂತೆಯಿಂದ ಇರಿಸುತ್ತದೆ.

ಕ್ರಿಯಾಟಿನಿನ್ ಬಹುಪಾಲು ಬರುವುದು ಸ್ನಾಯುವಿನಿಂದ; ಕಿಡ್ನಿಯ ಕೆಲಸ ಅದನ್ನು ಹೊರಹಾಕುವುದಷ್ಟೇ. 1832ರಲ್ಲಿ ಫ್ರಾನ್ಸಿನ ಶೆವ್ರೆಲ್ ಕ್ರಿಯಾಟಿನ್ ಕಂಡುಹಿಡಿದದ್ದೇ ಮಾಂಸದ ಸಾರಿನಲ್ಲಿ. ಅದರಿಂದಾಗುವ ಇನ್ನೊಂದು ವಸ್ತುವಿಗೆ ಕ್ರಿಯಾಟಿನಿನ್ ಎಂದು 1847ರಲ್ಲಿ ಹೆಸರಿಟ್ಟವನು ಜರ್ಮನಿಯ ಲೀಬಿಗ್. ಕ್ಷಾರದಲ್ಲಿ ಪಿಕ್ರಿಕ್ ಆಮ್ಲ ಸೇರಿದರೆ ಅದು ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆಂದು 1886ರಲ್ಲಿ ಮ್ಯಾಕ್ಸ್ ಯಾಫೆ ತೋರಿಸಿದ. ಎಷ್ಟೋ ಲ್ಯಾಬ್‌ಗಳು ಇಂದಿಗೂ ಅಳೆಯುವುದು ಆ ಬಣ್ಣವನ್ನೇ. ಸ್ನಾಯು ಸವೆದ ಮೈಯಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ, ಹಾಗಾಗಿ ಕಿಡ್ನಿ ಸೋಲುತ್ತಿದ್ದರೂ ಅಂಕಿ ಸುಮ್ಮನಿರುತ್ತದೆ. ವಯಸ್ಸು, ಲಿಂಗ ಸೇರಿಸಿ ಕಿಡ್ನಿಯ ಸೋಸುವ ವೇಗ ಅಂದಾಜಿಸುವ 2021ರ ಸೂತ್ರಕ್ಕೆ ಇದೇ 1.1 ಹಾಕಿ ನೋಡಿ: 25ರ ಹುಡುಗನಿಗೆ ಸುಮಾರು 95 ಬರುತ್ತದೆ, 70ರ ಅಜ್ಜಿಗೆ 54. ಮೂರು ತಿಂಗಳು 60ಕ್ಕಿಂತ ಕೆಳಗೇ ಉಳಿದರೆ ವೈದ್ಯರು ಅದನ್ನು ದೀರ್ಘಕಾಲದ ಕಿಡ್ನಿ ರೋಗ ಎನ್ನುತ್ತಾರೆ.

ಪರದೇಶದ ಸೂತ್ರ ನಮ್ಮ ಮೈಗೆ ಒಗ್ಗುತ್ತದೆಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. 1976ರ ಕಾಕ್‌ಕ್ರಾಫ್ಟ್–ಗಾಲ್ಟ್ ಸೂತ್ರ ಕೆನಡಾದ 249 ಗಂಡಸರ ಮೇಲೆ ನಿಂತಿತ್ತು; ಹೆಂಗಸರ ಲೆಕ್ಕಕ್ಕೆ ನೂರಕ್ಕೆ 15 ಕಳೆದರು, ಅಷ್ಟೇ. ಆದರೆ ಸ್ನಾಯು ಕಡಿಮೆಯಿರುವವರಲ್ಲಿ ಇಂಥ ಸೂತ್ರಗಳು ಕಿಡ್ನಿಯನ್ನು ಇರುವುದಕ್ಕಿಂತ ಚೆನ್ನಾಗಿಯೇ ತೋರಿಸುತ್ತವೆ. ಅಂದಮೇಲೆ ಅಜ್ಜಿಯ ನಿಜವಾದ ಅಂಕಿ 54ಕ್ಕಿಂತ ಕೆಳಗೇ ಇದ್ದೀತು. ತದ್ವಿರುದ್ಧವೂ ಉಂಟು. ಮೇ ತಿಂಗಳ ಬಿಸಿಲಲ್ಲಿ ಹೊಲದಲ್ಲಿ ಬೆವರಿ ನೀರು ಕುಡಿಯದವನಿಗೆ, ಹಿಂದಿನ ರಾತ್ರಿ ಮಟನ್ ಉಂಡವನಿಗೆ ಅಂಕಿ ತಾತ್ಕಾಲಿಕವಾಗಿ ಏರಬಹುದು. ಒಂದೇ ರಿಪೋರ್ಟಿನಿಂದ ತೀರ್ಮಾನಕ್ಕೆ ಬರದೆ ಮತ್ತೊಮ್ಮೆ ತಪಾಸಣೆ ಮಾಡಿಸುವುದು ಇದಕ್ಕೇ.

ಜನರ ಕೈಗೆ ಈ ಲೆಕ್ಕ ಕೊಟ್ಟರೆ ಗಾಬರಿಯಾಗುತ್ತಾರೆ ಎನ್ನುವವರಿದ್ದಾರೆ. ಗಾಬರಿ ಈಗೇನು ಕಡಿಮೆಯೇ? ತನ್ನದು 54 ಎಂದು ಗೊತ್ತಾದ ಅಜ್ಜಿ ಮೊಣಕಾಲು ನೋವಿಗೆ ಮೆಡಿಕಲ್ ಅಂಗಡಿಯ ಗುಳಿಗೆ ನುಂಗುವ ಮುಂಚೆ ಡಾಕ್ಟರನ್ನು ಕೇಳಿಯಾಳು. ಮೂತ್ರದ ಪ್ರೋಟೀನ್, ಬಿಪಿ, ಸಕ್ಕರೆ ನೋಡಿಸಿಯಾಳು. ವಯಸ್ಸು, ಲಿಂಗ ಹೇಗೂ ರಿಪೋರ್ಟಿನ ತಲೆಯಲ್ಲೇ ಇರುತ್ತವೆ; ಕೆಳಗೆ ಈ ಅಂದಾಜಿನ ಇನ್ನೊಂದು ಸಾಲು ಅಚ್ಚು ಹಾಕಲು ಲ್ಯಾಬ್‌ಗೆ ಹೆಚ್ಚಿನ ರಕ್ತವೇನೂ ಬೇಕಿಲ್ಲ. ಇನ್ನು ಕೆಲವರು 1.3 ಕಂಡ ಕೂಡಲೇ ಪೊಟ್ಯಾಸಿಯಂ ಇದೆಯೆಂದು ಕಮಲಾಪುರದ ಕೆಂಪು ಬಾಳೆಹಣ್ಣು ಬಿಟ್ಟುಬಿಡುತ್ತಾರೆ. ಅದನ್ನು ಬಿಡಬೇಕೋ ಬೇಡವೋ ಎನ್ನಲು ಮೊದಲು ನೋಡಬೇಕಾದದ್ದು ಪೊಟ್ಯಾಸಿಯಂ ಸಾಲು.