ಇರ್ಲಿ ಅಂತ ಸ್ವಲ್ಪ ಜಾಸ್ತಿ

'ಇರ್ಲಿ ಅಂತ ಸ್ವಲ್ಪ ಜಾಸ್ತಿ' ಅನ್ನೋದಕ್ಕೆ ನಮ್ಮ ಇಂಜಿನಿಯರಿಂಗ್‌ನಲ್ಲಿ ಒಳ್ಳೆ ಹೆಸರೇ ಇದೆ: ಫ್ಯಾಕ್ಟರ್ ಆಫ್ ಸೇಫ್ಟಿ. ತೊಲೆ ಸ್ವಲ್ಪ ದಪ್ಪ ಇರ್ಲಿ, ಬೋಲ್ಟು ಒಂದು ಸೈಜು ದೊಡ್ಡದಿರ್ಲಿ. ಹೋದ್ರೆ ಒಂದಿಷ್ಟು ಕಬ್ಬಿಣ ತಾನೇ? ಆದರೆ ಈ ಮಾತು ಎಲ್ಲಾ ಕಡೆ ನಡೆಯೋದಿಲ್ಲ. ಪೈಂಟ್ ಹೊಡೆಯೋ ಸ್ಪ್ರೇ ಗನ್ನಿನ ಹತ್ತಿರ ಅಂತೂ ನಡೆಯೋದೇ ಇಲ್ಲ. ಅದನ್ನು ನಾವು ನೋಡಿದ್ದು ಹೂಗ್ಯಂನಲ್ಲಿ.

ಹೂಗ್ಯಂ ಚಾಮರಾಜನಗರ ಜಿಲ್ಲೆಯ ಕಾಡಂಚಿನ ಊರು. ಹಿಂದೆ ಕೊಳ್ಳೇಗಾಲ ತಾಲ್ಲೂಕಿನಲ್ಲಿತ್ತು, ಈಗ ಹನೂರು ತಾಲ್ಲೂಕು. ಮಲೆ ಮಹದೇಶ್ವರ ವನ್ಯಧಾಮದ ಒಂದು ವಲಯಕ್ಕೆ ಈ ಊರಿನದೇ ಹೆಸರು. ನಮ್ಮ ಗೆಳೆಯನೊಬ್ಬನ ಸೋದರಮಾವ ಅಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಟಿಂಕರಿಂಗ್, ಪೈಂಟಿಂಗ್ ಮಾಡ್ತಾರೆ. ರಜೆಗೆ ಹೋದ ನಮ್ಮ ನಾಲ್ವರಿಗೂ ಅವರು ಮಾವನೇ ಆದರು.

ಆಗ ಶೆಡ್ಡಿನಲ್ಲಿ ಸಿಲ್ವರ್ ಬಣ್ಣದ ಒಂದು ಕಾರಿತ್ತು. ಎಡಬದಿಯ ಎರಡು ಬಾಗಿಲಿಗೆ ಮಾವ ಒಂದು ಸಲ ಪೈಂಟ್ ಹೊಡೆದು ಮುಗಿಸಿದ್ದರು. ಮುಂದಿನ ಬಾಗಿಲು ಬೆಳ್ಳಗೆ, ಮುಟ್ಟಿದರೆ ಒರಟು. ಹಿಂದಿನದು ಸ್ವಲ್ಪ ಕಪ್ಪು, ಮೈಯೆಲ್ಲ ಕಿತ್ತಳೆ ಸಿಪ್ಪೆಯ ಥರ. ಕಾರಿನವರು ಒಪ್ಪಲಿಲ್ಲ. ಉಜ್ಜಿ ಮತ್ತೆ ಹೊಡೀಬೇಕು. ಎರಡನೇ ಸಲದ ಪೈಂಟು, ಟಿನ್ನರು, ಕೂಲಿ ಎಲ್ಲಾ ಮಾವನ ಜೇಬಿನಿಂದಲೇ. ಮನೆಯವರಿಗೆ ಇದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿತ್ತು. ಗನ್ ಹಿಡಿದ ದಿನ ರಾತ್ರಿ ಮಾವನಿಗೆ ಕೆಮ್ಮು, ಉಬ್ಬಸ. ಕೆಲಸ ಮಾಡುವಾಗ ಮುಖಕ್ಕೆ ಕಟ್ಟೋದು ಒಂದು ಟವೆಲ್ಲು, ಅಷ್ಟೆ.

"ಪ್ರೆಶರ್ ಎಷ್ಟಿಡ್ತೀರಿ ಮಾವ?" ಅಂತ ಕೇಳಿದೆವು.

"ಎಂಬತ್ತು ಕನಪ್ಪಾ. ಕಮ್ಮಿ ಮಡಗುದ್ರ ಕೊನೇಲಿ ಗಾಳಿ ಸಾಲ್ದೆ ಗನ್ನು ಉಗೀತದೆ. ಇರ್ಲಿ ಅಂತ ವಸಿ ಜಾಸ್ತೀನೇ ಮಡಗ್ತೀನಿ."

ಎಂಬತ್ತು ಪಿಎಸ್‌ಐ ಅನ್ನೋದು ಕಂಪ್ರೆಸರ್ ಪಕ್ಕದ ರೆಗ್ಯುಲೇಟರಿನ ಮುಳ್ಳು. ಗನ್ ಜೊತೆ ಬಂದಿದ್ದ ಚೀಟಿಯಲ್ಲಿ 2 ಬಾರ್ ಅಂತಿತ್ತು, ಅಂದ್ರೆ ಹತ್ತಿರ ಹತ್ತಿರ 30 ಪಿಎಸ್‌ಐ. ಅದು ಗನ್ನಿನ ಬಾಲದಲ್ಲಿ, ಗಾಳಿ ಒಳಹೋಗೋ ಜಾಗದಲ್ಲಿ ಇರಬೇಕಾದ ಒತ್ತಡ. ಅಲ್ಲಿಗೊಂದು ಸಣ್ಣ ಗೇಜ್ ಹಾಕಿ ನೋಡಿದೆವು. ಟ್ರಿಗರ್ ಒತ್ತದೇ ಇದ್ದಾಗ ಅದೂ 80 ತೋರಿಸ್ತು. ಪೂರ್ತಿ ಒತ್ತಿದ ಕೂಡಲೇ 45ಕ್ಕೆ ಇಳೀತು.

ಉಳಿದ 35 ಎಲ್ಲಿ ಹೋಯ್ತು? 15 ಮೀಟರ್ ಉದ್ದದ, ಒಳವ್ಯಾಸ 6 ಮಿ.ಮೀ. ಇರೋ ಪೈಪಿನಲ್ಲಿ. ನಿಂತ ಗಾಳಿಗೆ ಘರ್ಷಣೆ ಇಲ್ಲ, ಹಾಗಾಗಿ ಎರಡೂ ತುದಿಯಲ್ಲಿ ಒಂದೇ ಒತ್ತಡ. ಗಾಳಿ ಓಡೋಕೆ ಶುರುವಾದ ಮೇಲೇ ನಷ್ಟ. ಪರೀಕ್ಷೆಗೆ ಅಂತ ಓದಿದ ಡಾರ್ಸಿ-ವೈಸ್‌ಬ್ಯಾಕ್ ಸೂತ್ರ ಇಲ್ಲಿ ಕೆಲಸಕ್ಕೆ ಬಂತು: ಹರಿವು ಅಷ್ಟೇ ಇದ್ದರೆ, ಒತ್ತಡದ ನಷ್ಟ ಹೆಚ್ಚುಕಮ್ಮಿ ವ್ಯಾಸದ ಐದನೇ ಘಾತಕ್ಕೆ ವಿಲೋಮ. 6 ಮಿ.ಮೀ. ಬದಲು 10 ಮಿ.ಮೀ. ಪೈಪ್ ಹಾಕಿದರೆ ನಷ್ಟ ಸುಮಾರು ಹದಿಮೂರನೇ ಒಂದು ಪಾಲಿಗೆ ಇಳಿಯುತ್ತೆ. ಆದ್ದರಿಂದ ಮೊದಲ ನಿಯಮ: ಒತ್ತಡ ಓದೋದು ಗನ್ನಿನ ಹತ್ತಿರ, ಅದೂ ಟ್ರಿಗರ್ ಒತ್ತಿ ಹಿಡಿದಾಗ.

30 ಬೇಕಾದ ಕಡೆ 45 ಇದ್ದರೆ ಏನಾಗುತ್ತೆ? ಹನಿಗಳು ತೀರಾ ಸಣ್ಣಗಾಗ್ತವೆ. ಟಿನ್ನರ್ ದಾರಿಯಲ್ಲೇ ಆರಿಹೋಗುತ್ತೆ, ಪೈಂಟ್ ಪುಡಿಯಾಗಿ ಕೂರುತ್ತೆ. ಮೆಟಾಲಿಕ್ ಬಣ್ಣವಾದರೆ ಒಣಗಿ ಕೂತು ಬೆಳ್ಳಗೆ ಕಾಣುತ್ತೆ. ತಗಡಿಗೆ ಬಡಿದ ಗಾಳಿ ಒಂದಿಷ್ಟು ಪೈಂಟನ್ನು ಹೊತ್ತುಕೊಂಡೇ ವಾಪಸ್ ಬರುತ್ತೆ, ಶೆಡ್ಡೆಲ್ಲಾ ಮಂಜು. ಒತ್ತಡ ತೀರಾ ಕಮ್ಮಿ ಇದ್ದರೆ ಹನಿಗಳು ದಪ್ಪ, ಕಿತ್ತಳೆ ಸಿಪ್ಪೆ, ಬಣ್ಣವೂ ಕಪ್ಪು. ಅಂದರೆ ಆ ಕಾರಿನ ಮುಂದಿನ ಬಾಗಿಲಿಗೆ ಒತ್ತಡ ಜಾಸ್ತಿಯಾಗಿತ್ತು, ಹಿಂದಿನದಕ್ಕೆ ಬರೋ ಹೊತ್ತಿಗೆ ಕಮ್ಮಿಯಾಗಿತ್ತು.

ಯಾಕೆ ಅಂತ ನೋಡೋಕೆ ಟ್ಯಾಂಕಿನ ಲೆಕ್ಕ ಹಾಕಿದೆವು. ಟ್ಯಾಂಕ್ 160 ಲೀಟರ್, ತುಂಬಿದಾಗ 8 ಬಾರ್. 80 ಪಿಎಸ್‌ಐ ಅಂದರೆ 5.5 ಬಾರ್. ಟ್ಯಾಂಕ್ ಅಷ್ಟಕ್ಕೆ ಇಳಿಯೋವರೆಗೆ ಮಾತ್ರ ರೆಗ್ಯುಲೇಟರ್ ತನ್ನ ಮಾತು ಉಳಿಸಿಕೊಳ್ಳುತ್ತೆ. ಹಾಗಾಗಿ ಕೈಗೆ ಸಿಗೋ ಸಂಗ್ರಹ 2.5 × 160, ಹೊರಗಿನ ಒತ್ತಡದಲ್ಲಿ ಅಳೆದರೆ 400 ಲೀಟರ್ ಗಾಳಿ. 45ರಲ್ಲಿ ಗನ್ ನಿಮಿಷಕ್ಕೆ 400 ಲೀಟರ್ ಎಳೆಯುತ್ತೆ, ಬಿಡದೆ ಓಡೋ ಕಂಪ್ರೆಸರ್ 200 ಕೊಡುತ್ತೆ ಅಂತಿಟ್ಟುಕೊಳ್ಳಿ. ಕೊರತೆ 200. ಎರಡೇ ನಿಮಿಷಕ್ಕೆ ಸಂಗ್ರಹ ಖಾಲಿ. ಸಂಜೆ ವೋಲ್ಟೇಜ್ ಬಿದ್ದರೆ ಇನ್ನೂ ಬೇಗ.

ಈಗ 10 ಮಿ.ಮೀ. ಪೈಪ್ ಹಾಕಿ, ಗನ್ನಿನಲ್ಲಿ 30 ಇಡೋಣ. ರೆಗ್ಯುಲೇಟರ್ 33ರಲ್ಲಿದ್ದರೆ ಸಾಕು, ಅಂದರೆ 2.3 ಬಾರ್. ಸಂಗ್ರಹ 5.7 × 160, ಸುಮಾರು 900 ಲೀಟರ್. ಒತ್ತಡ ಇಳಿದಿದ್ದಕ್ಕೆ ಗನ್ ಎಳೆಯೋದೂ 300ಕ್ಕೆ ಇಳಿಯುತ್ತೆ. ಕೊರತೆ 100. ಒಂಬತ್ತು ನಿಮಿಷ ಬರುತ್ತೆ. ಎರಡು ಬಾಗಿಲಿಗೆ ಒಂದು ಕೋಟು ಹೊಡೆಯೋಕೆ ಧಾರಾಳ ಸಾಕು. ಕೋಟಿಗೂ ಕೋಟಿಗೂ ಮಧ್ಯೆ ಟಿನ್ನರ್ ಆರಲಿ ಅಂತ ಕಾಯೋ ಹೊತ್ತಿನಲ್ಲಿ ಟ್ಯಾಂಕೂ ತುಂಬಿಕೊಳ್ಳುತ್ತೆ.

ಕೊನೆಯಲ್ಲಿ ಗಾಳಿ ಸಾಲೋದಿಲ್ಲ ಅಂತ ಮಾವ ಒತ್ತಡ ಏರಿಸಿದ್ದರು. ಗಾಳಿ ಸಾಲದೇ ಹೋಗ್ತಿದ್ದಿದ್ದು ಏರಿಸಿದ್ದಕ್ಕೇ.

ಸೆಟ್ಟಿಂಗ್ ಮಾಡಿದ್ದು ಹಳೇ ನ್ಯೂಸ್ ಪೇಪರಿನ ಮೇಲೆ. ಪೇಪರನ್ನು ಗೋಡೆಗಂಟಿಸಿ, ಒಂದು ಗೇಣಿಗಿಂತ ಕಮ್ಮಿ ದೂರದಿಂದ ಒಂದು ಕ್ಷಣ ಹೊಡೆಯೋದು. ಪಟ್ಟೆಯ ನಡುವೆ ಮಾತ್ರ ದಟ್ಟವಾಗಿದ್ದರೆ ಒತ್ತಡ ಸಾಲದು, ಇಲ್ಲವೇ ಪೈಂಟ್ ಗಟ್ಟಿ. ಎರಡು ತುದಿ ದಟ್ಟವಾಗಿ ನಡು ತೆಳುವಾದರೆ ಒತ್ತಡ ಜಾಸ್ತಿ. ಕೆಳಗಿನಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಏರಿಸುತ್ತಾ, ಹನಿ ಎಲ್ಲಾ ಕಡೆ ಒಂದೇ ಸಮ ಸಣ್ಣಗಾದ ಕಡೆ ನಿಲ್ಲಿಸಬೇಕು. ಬೇಕಾದ್ದು ಸಾಕಾಗುವಷ್ಟರಲ್ಲಿ ಅತಿ ಕಮ್ಮಿ ಒತ್ತಡ. ನಾವು 30ರಲ್ಲಿ ನಿಲ್ಲಿಸಿದಾಗ ಮಾವ ಗೇಜಿನ ಕಡೆ ನೋಡಲೂ ಇಲ್ಲ. "ಈಗ ಸದ್ದು ಸರ್ಯಾಗದೆ" ಅಂದರು. ಬಾಗಿಲುಗಳು ಒಂದೇ ಬಣ್ಣಕ್ಕೆ ಬಂದವು. ಕಾರು ಹೋಯ್ತು.

ಈ ಗನ್ನಿನ ವಂಶ ನೋಡಿದರೆ ಅದು ಗಂಟಲಿನ ಔಷಧಿಯದು. ಅಮೆರಿಕದ ಟೊಲೆಡೊ ಊರಿನ ವೈದ್ಯ ಅಲೆನ್ ಡಿವಿಲ್‌ಬಿಸ್ ರೋಗಿಗಳ ಗಂಟಲಿಗೆ ಔಷಧಿ ಸಿಂಪಡಿಸಲು ಮಾಡಿದ ಸಾಧನವನ್ನು ಅವರ ಮಗ ಥಾಮಸ್ ಮುಂದೆ ಪೈಂಟಿಗೆ ಒಗ್ಗಿಸಿದರು. ಹನಿ ಸಣ್ಣದಾದಷ್ಟೂ ಅದು ಒಳಗೆ ಹೋಗುತ್ತೆ. ಔಷಧಿಗೆ ಅದು ಒಳ್ಳೆಯದು. ಪೈಂಟಿಗೆ ಅದೇ ಅಪಾಯ.

ಹಾರ್ಡನರ್ ಬೆರೆಸೋ ಟೂ-ಕೆ ಪೈಂಟಿನಲ್ಲಿ ಐಸೊಸಯನೇಟ್ ಇರುತ್ತೆ. ಅದರಿಂದ ಅಸ್ತಮಾ ಬರಬಹುದು. ಒಮ್ಮೆ ಮೈ ಅದಕ್ಕೆ ತಿರುಗಿಬಿದ್ದರೆ ಆಮೇಲೆ ಒಂದಿಷ್ಟೇ ಸಾಕು, ಉಬ್ಬಸ ಶುರು. ಟವೆಲ್ಲು ಅದನ್ನು ತಡೆಯೋದಿಲ್ಲ. ಮಂಜು ಕಮ್ಮಿಯಾಗಿದೆ, ಮಾವನ ಕೆಮ್ಮು ನಿಂತಿಲ್ಲ. ನಿಂತಿದೆ ಅಂತ ಬರೆಯೋ ಆಸೆ ನಮಗೂ ಇತ್ತು. ಈಗ ಅವರು ಡಾಕ್ಟರ್ ಹತ್ತಿರ ತೋರಿಸ್ತಿದ್ದಾರೆ. ಹಾರ್ಡನರ್ ಕೆಲಸ ಸದ್ಯಕ್ಕೆ ಒಪ್ಪಿಕೊಳ್ತಿಲ್ಲ. ಆದಾಯ ಇಳಿದಿದೆ.

ಅಂಥ ಕೆಲಸಕ್ಕೆ ಬೇಕಾದ್ದು ಹೊರಗಿನಿಂದ ಶುದ್ಧ ಗಾಳಿ ತಂದುಕೊಡೋ ಮಾಸ್ಕ್. ಅದಕ್ಕೂ ನಿಮಿಷಕ್ಕೆ ಇಂತಿಷ್ಟು ಅಂತ ಗಾಳಿ ಬೇಕು, ಆ ಗಾಳಿಯಲ್ಲಿ ಎಣ್ಣೆಯ ಹಬೆ ಇರಬಾರದು. ಈ ಕಂಪ್ರೆಸರಿನಲ್ಲಿ ಗನ್ನಿಗೇ 100 ಲೀಟರ್ ಕೊರತೆ. ಹಾಗಾಗಿ ಮಾಸ್ಕಿಗೆ ಬೇರೆ ಬ್ಲೋವರ್ ಬೇಕು, ಅದರ ಪೈಪು ಶೆಡ್ಡಿನ ಹೊರಗೆ ಮಂಜು ತಲುಪದ ಕಡೆಯಿಂದ ಬರಬೇಕು. ಈ ಸಲದ ಪ್ರಾಜೆಕ್ಟಿಗೆ ನಾವು ಇದನ್ನೇ ಬರೆದುಕೊಟ್ಟಿದ್ದೀವಿ. ಗನ್ನಿಗೆ ಕೊಡೋ ಗಾಳಿಯ ಲೆಕ್ಕ ಮುಗೀತು. ಗನ್ ಹಿಡಿಯೋ ಮನುಷ್ಯನಿಗೆ ಕೊಡೋ ಗಾಳಿಯ ಲೆಕ್ಕ ಇನ್ನೂ ಬಾಕಿ ಇದೆ. ಬ್ಲೋವರ್ ಬಗ್ಗೆ ಗೊತ್ತಿರೋರು ಯಾರಾದ್ರೂ ಇದ್ದರೆ ಮೆಕ್ಯಾನಿಕಲ್ ವರ್ಕ್‌ಶಾಪ್ ಹತ್ತಿರ ಬನ್ನಿ, ಸಂಜೆ ಅಲ್ಲೇ ಇರ್ತೀವಿ.