ಕರಿಬೇವಿನಲ್ಲಿ ಚಿಟ್ಟೆಯ ಪಾಲು

ಕೆ.ಆರ್.ಪೇಟೆ ಕಡೆ ಹಳ್ಳಿಗಳಲ್ಲಿ ಕರಿಬೇವಿನ ಗಿಡ ಇಲ್ಲದ ಹಿತ್ತಲು ಸಿಗೋದು ಕಷ್ಟ. ನಮ್ಮ ಹಿತ್ತಲಲ್ಲೂ ಒಂದಿದೆ. ಊರಿಗೆ ಹೋದಾಗಲೆಲ್ಲ ಬೆಂಗಳೂರಿಗೆ ವಾಪಸ್ ಬರುವ ಬ್ಯಾಗಿನಲ್ಲಿ ಅದರ ಸೊಪ್ಪು ಇರಲೇಬೇಕು. ಹೋದ ಮಳೆಗಾಲದಲ್ಲಿ ಮಾತ್ರ ಗಿಡದಲ್ಲಿ ಎಲೆಗಿಂತ ಕಡ್ಡಿಯೇ ಜಾಸ್ತಿ ಕಾಣ್ತಿತ್ತು. ದಪ್ಪನೆಯ ಹಸಿರು ಹುಳುಗಳು ಕೂತು ಮೇಯುತ್ತಿದ್ದವು.

"ಕಬ್ಬಿಗೆ ತಂದಿದ್ದ ಔಷಧಿ ಉಳಿದದೆ. ಒಂದ್ಸಲ ಹೊಡುದ್ರೆ ಆಯ್ತು" ಅಂದಳು ಅವ್ವ.

"ಹೊಡೆದ ಸೊಪ್ಪನ್ನ ಸಾರಿಗೆ ಹಾಕ್ತೀಯಾ?" ಅಂದೆ. ಅವ್ವ ಸುಮ್ಮನಾದಳು.

ಈ ಹುಳು ಕಾಮನ್ ಮಾರ್ಮನ್ ಅನ್ನೋ ಚಿಟ್ಟೆಯ ಮರಿ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಇದೆಯಲ್ಲ, ಅದರ ಸ್ವಾಲೋಟೇಲ್ ಕುಟುಂಬಕ್ಕೇ ಸೇರಿದ್ದು. ತಾಯಿ ಚಿಟ್ಟೆ ಕರಿಬೇವು, ನಿಂಬೆ ಜಾತಿಯ ಗಿಡಗಳನ್ನೇ ಹುಡುಕಿ ಮೊಟ್ಟೆ ಇಡುತ್ತೆ. ಸಣ್ಣ ಮರಿ ನೋಡಿದರೆ ಹಕ್ಕಿ ಹಿಕ್ಕೆ ಅಂತಲೇ ಅನ್ನಿಸುತ್ತೆ. ದೊಡ್ಡದಾದ ಮೇಲೆ ಎಲೆಯದ್ದೇ ಬಣ್ಣ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಹೊರಗೆ ಬಂದು ಗಪ್ಪಂತ ವಾಸನೆ ಬಿಡುತ್ತೆ.

ಎರಡು ಹುಳುಗಳನ್ನು ಡಬ್ಬಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ದಿನಾ ಎಲೆ ಹಾಕುವ ಕೆಲಸ ಅವ್ವನಿಗೆ ಒಪ್ಪಿಸಿ ಬಂದೆ. ಮೂರು ವಾರದೊಳಗೆ ಫೋನ್ ಬಂತು. "ಎರಡೂ ಚಿಟ್ಟೆ ಆದ್ವು ಕಣ್ ಮಗ. ಒಂದು ಕಪ್ಪು ಬಿಳುಪು, ಇನ್ನೊಂದಕ್ಕೆ ಕೆಂಪು ಬೊಟ್ಟು. ಒಂದೇ ಗಿಡದವು, ಹಿಂಗ್ಯಾಕೆ?"

ಅವ್ವನ ಪ್ರಶ್ನೆ ಸಣ್ಣದಲ್ಲ. ಈ ಚಿಟ್ಟೆಯ ಗಂಡುಗಳೆಲ್ಲ ಒಂದೇ ಥರ: ಕಪ್ಪು ರೆಕ್ಕೆ, ಬಿಳಿ ಚುಕ್ಕೆಗಳ ಸಾಲು. ಹೆಣ್ಣುಗಳಲ್ಲಿ ಕೆಲವು ಗಂಡಿನ ಹಾಗೇ ಇರುತ್ತವೆ. ಕೆಲವು ಕಾಮನ್ ರೋಸ್ ಚಿಟ್ಟೆಯ ವೇಷ ಹಾಕುತ್ತವೆ, ಇನ್ನು ಕೆಲವು ಕ್ರಿಮ್ಸನ್ ರೋಸ್‌ನದ್ದು. ಆ ಎರಡು ರೋಸ್ ಚಿಟ್ಟೆಗಳೂ ಮರಿಯಾಗಿದ್ದಾಗ ಈಶ್ವರಿ ಬಳ್ಳಿ ತಿಂದು ಅದರ ವಿಷವನ್ನು ಮೈಯಲ್ಲಿ ಉಳಿಸಿಕೊಂಡಿರುತ್ತವೆ. ಒಮ್ಮೆ ಕಚ್ಚಿ ನೋಡಿದ ಹಕ್ಕಿ ಆ ಬಣ್ಣದ ತಂಟೆಗೆ ಮತ್ತೆ ಹೋಗಲ್ಲ. ವಿಷವೇ ಇಲ್ಲದ ಮಾರ್ಮನ್ ಹೆಣ್ಣು ಆ ಭಯದ ನೆರಳಲ್ಲಿ ಬದುಕಿಕೊಳ್ಳುತ್ತೆ. ಗುರುತು ಹಿಡಿಯೋದು ಸುಲಭ: ರೋಸ್ ಚಿಟ್ಟೆಯ ಮೈ ಕೆಂಪು, ಮಾರ್ಮನ್ ಮೈ ಕಪ್ಪು.

ಆಲ್‌ಫ್ರೆಡ್ ರಸೆಲ್ ವಾಲೇಸ್ 1865ರಲ್ಲೇ ಈ ವೇಷದ ಬಗ್ಗೆ ಬರೆದಿದ್ದರು. ಇದರ ಹಿಂದೆ 'ಡಬಲ್‌ಸೆಕ್ಸ್' ಅನ್ನೋ ಒಂದೇ ಒಂದು ಜೀನ್ ಇದೆ ಅಂತ ಗೊತ್ತಾಗಿದ್ದು 2014ರಲ್ಲಿ. 'ನೇಚರ್' ಪತ್ರಿಕೆಯಲ್ಲಿ ಬಂದ ಆ ಅಧ್ಯಯನದ ಮೊದಲ ಲೇಖಕ ಕೃಷ್ಣಮೇಘ ಕುಂಟೆ, ನಮ್ಮ ಬೆಂಗಳೂರಿನ ಎನ್‌ಸಿಬಿಎಸ್‌ನ ವಿಜ್ಞಾನಿ. ವೇಷದ ಜೀನ್ ಗಂಡಿನಲ್ಲೂ ಇರಬಹುದು, ಆದರೆ ರೆಕ್ಕೆ ಮೇಲೆ ಕಾಣಿಸಿಕೊಳ್ಳಲ್ಲ. ಅವ್ವನ ಪ್ರಶ್ನೆಗೆ ಉತ್ತರ ಇದೇ. ಒಂದೇ ತಾಯಿಯ ಹೆಣ್ಣುಮಕ್ಕಳೂ ಬೇರೆ ಬೇರೆ ಬಣ್ಣದಲ್ಲಿ ಹುಟ್ಟಬಹುದು.

ಆದರೆ ವೇಷ ನಡೆಯೋದು ಅಸಲಿ ಚಿಟ್ಟೆ ಇರುವವರೆಗೆ ಮಾತ್ರ. ಬೇಲಿಯಲ್ಲಿ ಈಶ್ವರಿ ಬಳ್ಳಿ ಇದ್ದರೆ ರೋಸ್ ಚಿಟ್ಟೆ, ರೋಸ್ ಚಿಟ್ಟೆ ಇದ್ದರೆ ಹಕ್ಕಿಗೆ ಭಯ. ನಮ್ಮ ಬೀದಿಯಲ್ಲಿ ಬೇಲಿಗಳೆಲ್ಲ ಒಂದೊಂದಾಗಿ ಸಿಮೆಂಟ್ ಕಾಂಪೌಂಡ್ ಆಗ್ತಿವೆ. ನಮ್ಮ ಹಿತ್ತಲ ಬೇಲಿಯನ್ನೂ ಈ ಬೇಸಿಗೆಯಲ್ಲಿ ತೆಗೆಸೋಣ ಅಂತ ಅಣ್ಣ ಹೇಳ್ತಿದ್ದಾನೆ. ಮನೆಯಲ್ಲಿ ಅದರ ಮಾತುಕತೆ ಇನ್ನೂ ಮುಗಿದಿಲ್ಲ.

ಗಿಡದ ವಿಷಯ ಮಾತ್ರ ಅವ್ವನೇ ತೀರ್ಮಾನ ಮಾಡಿದ್ದಾಳೆ. ಬುಡದಲ್ಲಿ ಎದ್ದ ಮೂರು ಸಸಿಗಳನ್ನು ಕಿತ್ತು ಬಚ್ಚಲು ನೀರು ಹರಿಯುವ ಕಡೆ ನೆಟ್ಟಿದ್ದಾಳೆ. ದೊಡ್ಡ ಗಿಡದಲ್ಲಿ ಹುಳು ಕಂಡರೆ ಎಲೆ ಸಮೇತ ತಂದು ಅಲ್ಲಿ ಬಿಡ್ತಾಳೆ. "ಅವೂ ಉಣ್ಲಿ ಬುಡು, ನಮ್ಗೂ ಉಳಿತದೆ" ಅಂತಾಳೆ. ಔಷಧಿ ಡಬ್ಬ ಅಟ್ಟ ಸೇರಿದೆ.