ತಳದ ನಾಲ್ಕು ತಂತಿ

ಇವತ್ತು ಬೆಳಿಗ್ಗೆ ಪಾರ್ಕಿನಲ್ಲಿ ಒಬ್ಬ ಹಿರಿಯರು ಅಂಗಿಯ ಜೇಬಿನಲ್ಲಿ ಫೋನಿಟ್ಟುಕೊಂಡು, ದನಿಯನ್ನು ತಾರಕಕ್ಕೇರಿಸಿ, ‘ನಗುವ ನಯನ’ ಹಾಡನ್ನು ಇಡೀ ಪಾರ್ಕಿಗೆ ಕೇಳಿಸುತ್ತ ನಡೆಯುತ್ತಿದ್ದರು. ಇಯರ್‌ಫೋನ್ ಇಲ್ಲದೆ ಹಾಡು ಹಾಕುವವರನ್ನು ಬೇಕಾದಷ್ಟು ಜನ ಬೈದಿದ್ದಾರೆ. ನನ್ನದು ಆ ತಕರಾರಲ್ಲ. ಹಾಡು ಒಳ್ಳೆಯದು, ಹೊತ್ತೂ ಒಳ್ಳೆಯದು. ನನಗೆ ರೇಗಿದ್ದು ಬೇರೆ ಕಾರಣಕ್ಕೆ. ಆ ಜೇಬಿನಿಂದ ಎಸ್‌ಪಿಬಿ ಬರುತ್ತಿದ್ದರು, ಜಾನಕಿ ಬರುತ್ತಿದ್ದರು, ಪಿಟೀಲುಗಳು ಸಾಲಾಗಿ ಬರುತ್ತಿದ್ದವು. ಬೇಸ್ ಗಿಟಾರ್ ಮಾತ್ರ ನಾಪತ್ತೆ. 1983ರ ‘ಪಲ್ಲವಿ ಅನುಪಲ್ಲವಿ’ಯ ಆ ಹಾಡಿನಲ್ಲಿ ಇಳಯರಾಜಾ ಇಟ್ಟಿರುವ ಬೇಸ್ ನಡಿಗೆಯನ್ನು ತೆಗೆದುಬಿಟ್ಟರೆ ಉಳಿಯುವುದೇನು? ‘ಸಾರ್, ನೀವು ಅರ್ಧ ಹಾಡು ಕೇಳ್ತಿದೀರಿ’ ಎಂದು ಹೇಳಬೇಕೆನ್ನಿಸಿತು. ಹೇಳಲಿಲ್ಲ. ಅವರ ಮುಖದಲ್ಲಿ ಪೂರ್ತಿ ಹಾಡು ಕೇಳುತ್ತಿರುವ ಸಂತೋಷವಿತ್ತು.

ಆ ಸಂತೋಷಕ್ಕೆ ಶಾಸ್ತ್ರದ ಆಧಾರವೂ ಇದೆ ಎಂಬುದೇ ನನ್ನ ಸಿಟ್ಟನ್ನು ಇನ್ನಷ್ಟು ಕೆಣಕುವ ಸಂಗತಿ. ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಫೋನಿನ ಸ್ಪೀಕರು ಕೆಲವು ನೂರು ಹರ್ಟ್ಸ್‌ಗಿಂತ ಕೆಳಗೆ ಹೆಚ್ಚುಕಡಿಮೆ ಮೂಕ. ಆದರೆ ತಂತಿ ತನ್ನ ಮೂಲಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ಹತ್ತರಷ್ಟು ಕಂಪನಗಳನ್ನೂ ಹೊರಡಿಸುತ್ತದಲ್ಲ, ಆ ಮೇಲಿನವು ಸ್ಪೀಕರಿನಿಂದ ದಾಟಿ ಬರುತ್ತವೆ. ಅವುಗಳ ನಡುವಿನ ಅಂತರ ಲೆಕ್ಕಹಾಕಿ, ಇಲ್ಲದ ಮೂಲಸ್ವರವನ್ನು ನಮ್ಮ ಮೆದುಳು ತಾನೇ ಊಹಿಸಿ ತುಂಬಿಕೊಳ್ಳುತ್ತದೆ. ಅಂದರೆ ಬೇಸ್ ವಾದಕ ಪಟ್ಟ ಶ್ರಮದ ಬಹುಭಾಗವನ್ನು ಕೇಳುವವನ ತಲೆಯೇ ಬಿಟ್ಟಿಯಾಗಿ ಮಾಡಿಕೊಳ್ಳುತ್ತದೆ. ಇಂಥ ವಾದ್ಯವನ್ನು ಐವತ್ತರ ಆಸುಪಾಸಿನಲ್ಲಿ ಕಲಿಯಲು ಹೊರಟವನು ನಾನು.

ವಾದ್ಯದ ಪರಿಚಯ ಚುಟುಕಾಗಿ ಮುಗಿಸುತ್ತೇನೆ. ನಾಲ್ಕೇ ತಂತಿ, ಇ, ಎ, ಡಿ, ಜಿ. ಹಿಂದೆ ಇದೇ ಕೆಲಸಕ್ಕೆ ಆಳೆತ್ತರದ ಡಬಲ್ ಬೇಸ್ ಇತ್ತು. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಅದಕ್ಕೆ ಫ್ರೆಟ್ ಹಾಕಿ, ಕೊರಳಿಗೆ ತೂಗುಹಾಕುವ ಹಾಗೆ ಮಾಡಿ, ಸ್ವರ ಕರಾರುವಾಕ್ಕಾಗಿ ಬರುತ್ತದೆಂದು ಪ್ರಿಸಿಷನ್ ಬೇಸ್ ಎಂದು ಹೆಸರಿಟ್ಟ. ಎದುರುಮನೆಯವರು ಮೊದಲ ಸಲ ನನ್ನ ಗಿಟಾರ್ ನೋಡಿದಾಗ, ‘ಎರಡು ತಂತಿ ಕಿತ್ತೋಗಿದೆಯಲ್ಲ, ಹಾಕಿಸ್ಕೊಳ್ಳಬಾರದೇ?’ ಎಂದರು. ಈ ಪ್ರಶ್ನೆ ಜಗತ್ತಿನ ಎಲ್ಲ ಬೇಸ್ ವಾದಕರಿಗೂ ಬರುತ್ತದೆ, ಬಿಡಿ. ಮನೆಯ ಪ್ರಶ್ನೆ ಹೆಚ್ಚು ಮೊನಚು. ಇದೇ ‘ನಗುವ ನಯನ’ದ ಬೇಸನ್ನು ನಾನು ಬಾಗಿಲು ಹಾಕಿಕೊಂಡು ಮೈಮರೆತು ನುಡಿಸಿದ ಒಂದು ಸಂಜೆ, ಕಾಫಿ ತಂದಿಟ್ಟ ಹೆಂಡತಿ ಸ್ವಲ್ಪ ಹೊತ್ತು ನಿಂತು ಕೇಳಿ, ‘ಶ್ರುತಿ ಮಾಡಿದ್ದಾಯ್ತಾ? ಹಾಡು ಯಾವಾಗ ಶುರು ಮಾಡ್ತೀರಿ?’ ಎಂದಳು.

ನನ್ನ ಮೇಷ್ಟ್ರು ನನ್ನ ಮಗನ ವಯಸ್ಸಿನವರು. ನಾನು ಅವರನ್ನು ‘ಸರ್’ ಎನ್ನುತ್ತೇನೆ, ಅವರು ನನ್ನನ್ನು ‘ಅಂಕಲ್’ ಎನ್ನುತ್ತಾರೆ; ವ್ಯವಹಾರ ಸರಿಹೋಗಿದೆ. ಮೊದಲ ಪಾಠದಲ್ಲೇ ಅವರು, ‘ನುಡಿಸೋದು ಆಮೇಲೆ ಕಲಿಯೋಣ ಅಂಕಲ್, ಮೊದಲು ನಿಲ್ಲಿಸೋದು ಕಲೀರಿ’ ಎಂದರು. ತಂತಿ ಮೀಟುವುದಕ್ಕೆ ಬಲಗೈಯ ಎರಡು ಬೆರಳು ಸಾಕು. ತೋರುಬೆರಳು, ನಡುಬೆರಳು, ಸರದಿಯ ಮೇಲೆ. ಉಳಿದ ಬೆರಳುಗಳೂ ಇಡೀ ಎಡಗೈಯೂ ಸದ್ದು ಅಡಗಿಸುವುದಕ್ಕೇ ಇವೆ. ಮೀಟಿದ ತಂತಿಯನ್ನು ಬಿಟ್ಟರೆ ಅದು ಗುಂಯ್ಗುಡುತ್ತಲೇ ಇರುತ್ತದೆ. ಮುಟ್ಟದ ತಂತಿಯೂ ತನಗೆ ಬೇಕಾದ ಸ್ವರ ಕೇಳಿಸಿದರೆ ಕರೆಯದೆ ದನಿಗೂಡಿಸುತ್ತದೆ. ಹಾಗಾಗಿ ಬಲಗೈ ಹೆಬ್ಬೆರಳಿನ ಪಕ್ಕೆ ದಪ್ಪ ತಂತಿಯ ಮೇಲೆ ಒರಗಿರಬೇಕು, ಎಡಗೈ ಕಿರುಬೆರಳು ಸಣ್ಣ ತಂತಿಗೆ ತಾಕಿಯೂ ತಾಕದಂತಿರಬೇಕು. ಅದಾದ ಮೇಲೆ ಮೆಟ್ರೋನೋಮ್, ನಿಮಿಷಕ್ಕೆ 60. ಒಂದು ಸ್ವರ ಹಾಕು, ಮೂರು ಎಣಿಕೆ ಸುಮ್ಮನಿರು. ಈ ಸುಮ್ಮನಿರುವುದರಲ್ಲಿ ನನಗೆ ಬೆವರು ಕಿತ್ತುಬರುತ್ತದೆ. ಆಫೀಸಿನ ಮೀಟಿಂಗಿನಲ್ಲಿ ಗಂಟೆಗಟ್ಟಲೆ ಸುಮ್ಮನೆ ಕೂತು ಅಭ್ಯಾಸವಿರುವವನಿಗೆ ಮೂರು ಎಣಿಕೆ ಯಾಕೆ ಇಷ್ಟು ಉದ್ದವಾಗುತ್ತದೋ!

ಅಭಿರುಚಿಯ ವಿಷಯಕ್ಕೆ ಬಂದರೆ ನಾನು ಹಳೇ ಕಾಲದವನು. ಮುಂಬೈಯ ಮೋಹಿನಿ ಡೇ ಅವರ ಬೆರಳಿನ ವೇಗ ನೋಡಿ ಬೆರಗಾಗುತ್ತೇನೆ. ಆಮೇಲೆ ನನ್ನ ಗಿಟಾರನ್ನು ಸ್ವಲ್ಪ ಹೊತ್ತು ಮೂಲೆಯಲ್ಲಿಡುತ್ತೇನೆ. ಜ್ಯಾಕೋ ಪಾಸ್ಟೋರಿಯಸ್ ತನ್ನ ಬೇಸಿನ ಫ್ರೆಟ್‌ಗಳನ್ನು ಕಿತ್ತು, ಆ ಸೀಳುಗಳನ್ನು ಮುಚ್ಚಿ, ಮೇಲೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿದು ನುಡಿಸಿದ್ದನ್ನು ಕೇಳಿದಾಗ, ನಮ್ಮ ಗಮಕಕ್ಕೆ ಇಷ್ಟು ಹತ್ತಿರ ಬಂದವನಿಗೆ ಯಾರಾದರೂ ತೋಡಿ ಕೇಳಿಸಬೇಕಿತ್ತು ಎನಿಸುತ್ತದೆ. ನಾನೂ ಒಂದು ಫ್ರೆಟ್ ಇಲ್ಲದ ಬೇಸ್ ಕೊಳ್ಳಲೇ ಎಂದು ಮೇಷ್ಟ್ರನ್ನು ಕೇಳಿದೆ. ‘ಫ್ರೆಟ್ ಇದ್ದೇ ಹೀಗೆ, ಇಲ್ಲದಿದ್ರೆ ಹೇಗೆ ಅಂಕಲ್?’ ಎಂದರು.

ಸಾಮಾನು ಕೊಳ್ಳುವ ಚಟದ ಬಗ್ಗೆ ಹೇಳುವುದೇನಿಲ್ಲ. ಅದು ಕ್ಯಾಮೆರಾ ಹಿಡಿದವರಿಗೂ ಇದೆ, ಸೈಕಲ್ ತುಳಿಯುವವರಿಗೂ ಇದೆ. ಆದರೆ ತಂತಿ ಬದಲಿಸುವ ವಿಚಾರದಲ್ಲಿ ನನಗೊಂದು ಸಿದ್ಧಾಂತವಿದೆ: ಬದಲಿಸಬಾರದು. ಹೊಸ ತಂತಿ ಠಣಠಣ ಎನ್ನುತ್ತದೆ. ತಿಂಗಳುಗಟ್ಟಲೆ ಬೆರಳಿನ ಎಣ್ಣೆ, ಬೆವರು, ಧೂಳು ಸುರುಳಿಯ ಸಂದುಗಳಲ್ಲಿ ಕೂತ ಮೇಲೆ ಅದರ ಹಾರಾಟ ಅಡಗಿ ದನಿ ದುಂಡಗಾಗುತ್ತದೆ. ಕೆಲವರು ಹಳೇ ತಂತಿಯನ್ನು ಬಿಚ್ಚಿ, ನೀರಲ್ಲಿ ಕುದಿಸಿ, ಕೊಳೆ ಬಿಡಿಸಿ ಮತ್ತೆ ಕಟ್ಟುತ್ತಾರೆ. ಇದು ಅಪಚಾರ. ಸಾರಿನ ತಪ್ಪಲೆಯಲ್ಲಿ ತಂತಿ ಕುದಿಸುವುದಕ್ಕೆ ಮನೆಯಲ್ಲಿ ಒಪ್ಪಿಗೆ ಸಿಗದು ಎಂಬ ಕಾರಣಕ್ಕೆ ಈ ಮಾತು ಹೇಳುತ್ತಿಲ್ಲ. ನನ್ನ ಪಕ್ಷಕ್ಕೆ ಸಾಕ್ಷಿಯಾಗಿ ಡೆಟ್ರಾಯಿಟಿನ ಮೋಟೌನ್ ಕಂಪನಿಯ ಜೇಮ್ಸ್ ಜೇಮರ್ಸನ್ ಇದ್ದಾನೆ. ಅವನು ತಂತಿ ತುಂಡಾಗುವ ತನಕ ಬದಲಿಸುತ್ತಿರಲಿಲ್ಲವಂತೆ. ಮೀಟುತ್ತಿದ್ದುದು ಒಂದೇ ತೋರುಬೆರಳಿನಲ್ಲಿ. ಅದಕ್ಕೆ ‘ಕೊಕ್ಕೆ’ ಎಂದೇ ಅಡ್ಡಹೆಸರು. ಅರವತ್ತರ ದಶಕದಲ್ಲಿ ಜಗತ್ತು ಕುಣಿದ ಮೋಟೌನ್ ಹಾಡುಗಳಲ್ಲಿ ಬಹುಪಾಲು ಆ ಒಂದು ಬೆರಳಿನ ಮೇಲೆ ನಿಂತಿದ್ದವು. ತಟ್ಟೆಗಳ ಮೇಲೆ ಅವನ ಹೆಸರಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ತನ್ನ ‘ವಾಟ್ಸ್ ಗೋಯಿಂಗ್ ಆನ್’ ಹೊದಿಕೆಯ ಮೇಲೆ ವಾದಕರ ಹೆಸರು ಅಚ್ಚು ಹಾಕಿಸಿದಾಗಲೇ ಜನರಿಗೆ ಅವನ ಹೆಸರು ಓದಲು ಸಿಕ್ಕಿದ್ದು. 1983ರಲ್ಲಿ ಮೋಟೌನಿನ ಬೆಳ್ಳಿಹಬ್ಬ ಭರ್ಜರಿಯಾಗಿ ನಡೆದಾಗ ವೇದಿಕೆಗೆ ಅವನನ್ನು ಕರೆದಿರಲಿಲ್ಲ. ಬ್ಲಾಕಿನಲ್ಲಿ ಟಿಕೆಟ್ ಕೊಂಡು ಬಾಲ್ಕನಿಯಲ್ಲಿ ಕೂತು ನೋಡಿದನಂತೆ. ಅದೇ ವರ್ಷ ತೀರಿಕೊಂಡ.

ನಮ್ಮ ಕಡೆಯ ಲೆಕ್ಕವೂ ಚುಕ್ತಾ ಆಗಿಲ್ಲ. ನನ್ನ ಹತ್ತಿರ ಇದ್ದ ‘ಪಲ್ಲವಿ ಅನುಪಲ್ಲವಿ’ ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಗಾಯಕರಿದ್ದರು, ಆರ್.ಎನ್. ಜಯಗೋಪಾಲ್ ಇದ್ದರು, ಸಂಗೀತ ನಿರ್ದೇಶಕರಿದ್ದರು. ಬೇಸ್ ನುಡಿಸಿದವರು ಇರಲಿಲ್ಲ. ಪಿಟೀಲಿನವರೂ ಇರಲಿಲ್ಲ ಎನ್ನಿ. ಆದರೆ ಪಿಟೀಲು ಕೇಳಿಸಿತು ಎಂದಾದರೂ ಜನ ಹೇಳುತ್ತಾರೆ. ನಾಯಕನ ಅಂಗಿ ಹೊಲಿದವರ ಹೆಸರು ಪರದೆಯ ಮೇಲೆ ಬರುತ್ತದೆ, ಹಾಡನ್ನೇ ಹೊತ್ತವನ ಹೆಸರು ಬರುವುದಿಲ್ಲ! ಸಿನಿಮಾ ಮುಗಿದ ಮೇಲೆ ಎಲ್ಲರೂ ಚಪ್ಪಲಿ ಹುಡುಕುತ್ತಿರುವಾಗ ನಾನೊಬ್ಬ ನಿಂತು ಹೆಸರುಗಳ ಪಟ್ಟಿ ಓದುತ್ತೇನೆ. ಈಗೀಗ ಕೆಲವು ಸಿನಿಮಾಗಳಲ್ಲಿ ‘ಬೇಸ್’ ಎಂಬ ಸಾಲು ಬರುತ್ತದೆ. ಬಂದ ದಿನ ಚಪ್ಪಾಳೆ ಹೊಡೆಯುತ್ತೇನೆ. ಗುಡಿಸಲು ಬಂದ ಹುಡುಗ ಗಾಬರಿಯಾಗಿ ನೋಡುತ್ತಾನೆ.

ಹೊರುವವರ ಮಾತು ಬಂದಾಗ ಕುಮಾರವ್ಯಾಸ ನೆನಪಾಗದೆ ಇರುವುದು ಕಷ್ಟ. ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷನಿಗೇ ಸಾಕುಸಾಕಾಯಿತು, ಕಾಲಿಡಲು ಜಾಗವಿಲ್ಲ ಎಂದು ಚೇಷ್ಟೆ ಮಾಡಿ, ಅವನು ತಾನು ಭಾರತಕ್ಕೆ ಕೈಹಾಕಿದ. ಭಾರತವೇನು ಹಗುರವೇ? ಪುಟಗಟ್ಟಲೆ ಷಟ್ಪದಿಯನ್ನು ಅದೇ ಆದಿಶೇಷನ ತಲೆಯ ಮೇಲೆ ತಾನೇ ಪೇರಿಸಿದ! ಪಾಪ, ಆದಿಶೇಷ. ನರಳಿದಾಗ ಮಾತ್ರ ಕಾವ್ಯದಲ್ಲಿ ಅವನಿಗೊಂದು ಜಾಗ.

ಆದಿಶೇಷನಿಗಿಂತ ನನಗೆ ಹತ್ತಿರದವನು ನಮ್ಮೂರ ಮದುವೆಗಳ ಓಲಗದಲ್ಲಿ ಶ್ರುತಿ ಹಿಡಿಯುತ್ತಿದ್ದ ಹುಡುಗ. ನಾಗಸ್ವರದಷ್ಟೇ ಉದ್ದದ, ಬೆರಳಾಡಿಸಲು ತೂತಿಲ್ಲದ ಒತ್ತು ಎಂಬ ವಾದ್ಯ. ಅದರಲ್ಲಿ ಒಂದೇ ಸ್ವರ. ನಾಗಸ್ವರದವರು ಉಸಿರು ತೆಗೆದುಕೊಳ್ಳಲು ನಿಲ್ಲುತ್ತಿದ್ದರು, ಡೋಲಿನವರು ಎಲೆಯಡಿಕೆ ಹಾಕಿಕೊಳ್ಳಲು ನಿಲ್ಲುತ್ತಿದ್ದರು. ಇವನು ನಿಲ್ಲುವ ಹಾಗಿಲ್ಲ. ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡು, ಅದನ್ನು ಹಿಂಡುತ್ತಲೇ ಮೂಗಿನಿಂದ ಉಸಿರೆಳೆಯಬೇಕು. ಆ ಕೆನ್ನೆ ಉಬ್ಬಿ ಇಳಿಯುವುದನ್ನು ನೋಡಲೆಂದೇ ನಾವು ಮಕ್ಕಳು ಎದುರಿಗೆ ಕೂರುತ್ತಿದ್ದೆವು. ಒಬ್ಬ ಪೋರ ನಗಿಸಲೆಂದು ಎದುರಲ್ಲೇ ಹುಣಸೆಹಣ್ಣು ಚೀಪುತ್ತಿದ್ದ. ಹುಡುಗನ ಕಣ್ಣಲ್ಲಿ ನೀರು ಬರುತ್ತಿತ್ತು, ಸ್ವರ ಅಲುಗುತ್ತಿರಲಿಲ್ಲ. ಆಮೇಲೆ ಎಪ್ಪತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜನಾರಾಯಣ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಅಂಥ ಶ್ರುತಿಪೆಟ್ಟಿಗೆಗಳು ಕಛೇರಿಗೂ ಬಂದವು, ಕಲ್ಯಾಣಮಂಟಪಕ್ಕೂ ಬಂದವು, ಒತ್ತಿನ ಹುಡುಗ ಮರೆಯಾದ. ಪೆಟ್ಟಿಗೆಗೆ ಹುಣಸೆಹಣ್ಣು ತೋರಿಸಿ ಪ್ರಯೋಜನವಿಲ್ಲ.

ನನ್ನ ಮನೆಯಲ್ಲೂ ಒಂದು ಪೆಟ್ಟಿಗೆ ಇದೆ. ಅದು ಯಾರೂ ಕೇಳದೆ ಶ್ರುತಿ ಹಿಡಿಯುತ್ತದೆ. ನನ್ನ ಹದಿನೈದು ವಾಟಿನ ಆಂಪ್. ನನ್ನದು ಸೆಕೆಂಡ್‌ಹ್ಯಾಂಡ್ ಬೇಸ್, ಸಿಂಗಲ್ ಕಾಯಿಲ್ ಪಿಕಪ್ಪಿನದು. ಸುತ್ತಮುತ್ತಲಿನ ಕರೆಂಟಿನ ಗುಂಗನ್ನೆಲ್ಲ ಹೀರಿಕೊಳ್ಳುವುದು ಅದರ ಹುಟ್ಟುಗುಣ. ತಂತಿಯಿಂದ ಕೈ ತೆಗೆದರೆ ಸದ್ದು ಜೋರಾಗುತ್ತಿತ್ತು, ಮುಟ್ಟಿದರೆ ತಗ್ಗುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು, ಸಾಕೆಟ್ಟಿಗೆ ಟೆಸ್ಟರ್ ಚುಚ್ಚಿ, ‘ಗಿಟಾರ್ ಚೆನ್ನಾಗಿದೆ ಸಾರ್. ಮನೆಗೇ ಅರ್ಥಿಂಗ್ ಇಲ್ಲ’ ಎಂದ. ಕಾಂಪೌಂಡಿನ ಮೂಲೆಯಲ್ಲಿ ಅರ್ಥ್ ಗುಂಡಿ ಒಣಗಿ ಬಿರುಕುಬಿಟ್ಟಿತ್ತು. ಉಪ್ಪು, ಇದ್ದಿಲು ತುಂಬಿಸಿದ. ‘ಬೇಸಿಗೇಲಿ ದಿನಾ ಒಂದು ಬಕೆಟ್ ನೀರು ಹಾಕಿ’ ಎಂದು ಹೇಳಿಹೋದ. ಹಾಗಾಗಿ ಈಗ ನನ್ನ ಸಂಗೀತಾಭ್ಯಾಸ ತುಳಸಿಗೆ ನೀರೆರೆದ ಮೇಲೆ ಅರ್ಥ್ ಗುಂಡಿಗೆ ನೀರೆರೆಯುವುದರಿಂದ ಶುರುವಾಗುತ್ತದೆ.

ಸದ್ದು ಬಹಳ ತಗ್ಗಿತು, ಪೂರ್ತಿ ಹೋಗಲಿಲ್ಲ. ಉಳಿದದ್ದು ಯಾವ ಸ್ವರ ನೋಡೋಣವೆಂದು ಟ್ಯೂನರ್ ಹಿಡಿದೆ. ಮುಳ್ಳು ‘ಜಿ’ಯ ಹತ್ತಿರ ಬಂದು, ಸ್ವಲ್ಪ ಬಲಕ್ಕೆ ವಾಲಿ ನಿಂತಿತು. ಬೇಸಿನ ಸಣ್ಣ ತಂತಿ ಜಿ, 98 ಹರ್ಟ್ಸ್. ನಮ್ಮ ಕರೆಂಟು 50. ಅದರ ಗುಂಗು ಇಮ್ಮಡಿಯಾಗಿ 100. ಎದ್ದುಹೋಗಿ ಫ್ರಿಜ್ಜಿಗೆ ಕಿವಿಗೊಟ್ಟೆ: ಅದೇ. ರಸ್ತೆ ಮೂಲೆಯ ಟ್ರಾನ್ಸ್‌ಫಾರ್ಮರ್: ಅದೇ. ಅಮೆರಿಕದವರ ಕರೆಂಟು 60 ಆದ್ದರಿಂದ ನ್ಯೂಜೆರ್ಸಿಯಲ್ಲಿರುವ ತಂಗಿಯ ಮನೆಯ ಗುಂಗು 120ಕ್ಕೆ ಹೋಗಿ, ಬಿ ಫ್ಲಾಟಿಗೂ ಬಿಗೂ ನಟ್ಟನಡುವೆ, ಯಾವ ಸ್ವರಕ್ಕೂ ಸೇರದೆ ಕೂತಿರುತ್ತದೆ. ನಾವಾದರೂ ಜಿಯ ನೆರೆಯಲ್ಲಿದ್ದೇವೆ.

ಈ ಹುಚ್ಚು ಅಲ್ಲಿಗೇ ನಿಲ್ಲಲಿಲ್ಲ. ಹಿಂದೆ ದಕ್ಷಿಣದ ವಿದ್ಯುತ್ ಜಾಲವೇ ಬೇರೆ, ದೇಶದ ಉಳಿದ ಭಾಗದ್ದೇ ಬೇರೆ. ಎರಡರ ಆವರ್ತನವೂ 50ರ ಹತ್ತಿರ, ಆದರೆ ಒಂದಕ್ಕೊಂದು ಜೋಡಿಸಿದ್ದಲ್ಲ. ದೆಹಲಿಯ ಫ್ರಿಜ್ಜೂ ಧಾರವಾಡದ ಫ್ರಿಜ್ಜೂ ಒಂದಿಷ್ಟು ಅಪಶ್ರುತಿಯಲ್ಲೇ ಹಾಡುತ್ತಿದ್ದವು. 2012ರ ಜುಲೈ ಕೊನೆಯಲ್ಲಿ ಉತ್ತರದ ಜಾಲ ಕುಸಿದು ಅರ್ಧ ದೇಶ ಕತ್ತಲಾದಾಗ ನಾವು ಉಳಿದುಕೊಂಡದ್ದು ಈ ಅಪಶ್ರುತಿಯಿಂದಲೇ. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ 765 ಕೆ.ವಿ. ತಂತಿಯಲ್ಲಿ ವಿದ್ಯುತ್ ಹರಿಯಿತು. ಅಂದಿನಿಂದ ಇಡೀ ದೇಶಕ್ಕೆ ಒಂದೇ ಶ್ರುತಿ. ಏಕತೆಯ ಬಗ್ಗೆ ಭಾಷಣಗಳನ್ನು ಬೇಕಾದಷ್ಟು ಕೇಳಿದ್ದೇನೆ; ಹರ್ಟ್ಸ್ ಲೆಕ್ಕದಲ್ಲಿ ಅಳೆದು ನಂಬಿದ್ದು ಇದೊಂದನ್ನೇ.

ಆ ಶ್ರುತಿಯನ್ನು ಕಾಯುವವರೂ ಇದ್ದಾರೆ. ಸಂಜೆ ಎಲ್ಲರೂ ದೀಪ ಹಾಕಿ, ಮಿಕ್ಸಿ ತಿರುಗಿಸಿ, ಗೀಸರ್ ಹಚ್ಚಿದರೆ ಜನರೇಟರುಗಳಿಗೆ ಹೊರೆ ಹೆಚ್ಚಿ ಆವರ್ತನ ಇಳಿಯುತ್ತದೆ. ಹೊರೆ ತಗ್ಗಿದರೆ ಏರುತ್ತದೆ. ಇಳಿದಾಗ ಬೇಗ ಮೇಲೆತ್ತಲು ಜಲವಿದ್ಯುತ್ತೇ ವಾಸಿ. ಜೋಗದಲ್ಲಿ ಧುಮುಕಬೇಕಾದ ನೀರು ಶರಾವತಿಯ ಟರ್ಬೈನುಗಳಿಗೆ ಹೋಗುವುದರ ಬಗ್ಗೆ ಪ್ರವಾಸಿಗರು ಗೊಣಗುತ್ತಾರೆ. ನಾನು ಗೊಣಗುವುದಿಲ್ಲ, ಅದರಲ್ಲೊಂದು ಪಾಲು ನನ್ನ ಜಿ ಸ್ವರಕ್ಕೆ ಹೋಗುತ್ತದೆ. ದಕ್ಷಿಣದ ರಾಜ್ಯಗಳ ಈ ಹೊರೆ ತೂಗುವ ಲೋಡ್ ಡಿಸ್ಪ್ಯಾಚ್ ಕೇಂದ್ರ ಇರುವುದು ಬೆಂಗಳೂರಿನ ರೇಸ್‌ಕೋರ್ಸ್ ಬಳಿ. ಹಗಲಿರುಳು ಪಾಳಿಯ ಮೇಲೆ ಕೂತ ಎಂಜಿನಿಯರುಗಳು ಆವರ್ತನವನ್ನು 49.90ಕ್ಕೂ 50.05ಕ್ಕೂ ನಡುವೆ ಹಿಡಿದಿಡಲು ನೋಡುತ್ತಾರೆ. ಸಂಗೀತದ ಲೆಕ್ಕಕ್ಕೆ ತಂದರೆ ಆ ಅಂತರ ಒಂದು ಅರ್ಧಸ್ವರದ ಸುಮಾರು ಇಪ್ಪತ್ತನೇ ಒಂದು ಪಾಲು. ನನ್ನ ಮೇಷ್ಟ್ರೂ ಅಷ್ಟಕ್ಕೆ ಒಪ್ಪುತ್ತಾರೆ. ಆ ಪಾಳಿಯವರ ಕೈಗೆ ಒಂದೊಂದು ಬೇಸ್ ಗಿಟಾರ್ ಕೊಟ್ಟು ನೋಡಬೇಕು. ಕೆಳಗೆ ಹಿಡಿದು ನಿಲ್ಲುವುದು, ಮೇಲಿನವರ ಆಟ ಗಮನಿಸುವುದು, ಚಪ್ಪಾಳೆ ಬಾರದಿದ್ದರೆ ತಲೆಕೆಡಿಸಿಕೊಳ್ಳದಿರುವುದು ಎಲ್ಲ ಅವರಿಗೆ ಬಂದೇ ಇದೆ. ಎಡಗೈ ಒಂದು ಪಳಗಿದರೆ ಆಯಿತು. ವಾದ್ಯಗೋಷ್ಠಿ ಕಟ್ಟುವುದಾದರೆ ಡ್ರಮ್ಮಿಗೆ ಯಾರಾದರೂ ಸಿಗುತ್ತಾರೆ. ಹಾಡುವವರಂತೂ ಈ ಊರಿನಲ್ಲಿ ಬೇಡವೆಂದರೂ ಬರುತ್ತಾರೆ.